ಹಾಯಿದೋಣಿಗೆ ಒಳ ಸ್ಟೇ ಅಳವಡಿಸುವುದು: ತಂತಿಗಿಂತ ಮೊದಲು ಅದರ ಬುಡ

ಕಲಬುರಗಿಯಿಂದ ಆಳಂದದ ಕಡೆಗೆ ಹೋಗುವಾಗ ತೊಗರಿ ಹೊಲಗಳ ನಡುವೆ ವಿದ್ಯುತ್ ಲೈನು ತಿರುವು ತೆಗೆದುಕೊಳ್ಳುವ ಕಡೆ ಕಂಬಕ್ಕೆ ಸ್ಟೇ ವೈರ್ ಕಟ್ಟಿರುವುದನ್ನು ಎಲ್ಲರೂ ನೋಡಿರುತ್ತೀರಿ. ಲೈನು ಎಳೆಯುವ ದಿಕ್ಕಿಗೆ ಎದುರಾಗಿ ಅದು ನೆಲಕ್ಕೆ ಇಳಿದಿರುತ್ತದೆ. ನಮ್ಮ ಕಣ್ಣಿಗೆ ಕಾಣುವುದು ತಂತಿ ಮಾತ್ರ, ಕಂಬವನ್ನು ನಿಜವಾಗಿ ಹಿಡಿದಿರುವುದು ಮಣ್ಣಿನೊಳಗೆ ಹೂತಿರುವ ಸ್ಟೇ ರಾಡು ಮತ್ತು ಅದರ ತುದಿಯ ಪ್ಲೇಟು. ಎರೆಮಣ್ಣಿನಲ್ಲಿ ಆ ಪ್ಲೇಟನ್ನು ಮೇಲುಮೇಲೆ ಹೂತಿದ್ದರೆ, ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಕಂಬ ವಾಲುತ್ತದೆ. ತಂತಿಯಲ್ಲಿ ಮಾತ್ರ ಒಂದು ಎಳೆಯೂ ಹರಿದಿರುವುದಿಲ್ಲ. ಹಾಯಿದೋಣಿಯ ಕೂವೆಮರಕ್ಕೆ (ಹಾಯಿ ಏರಿಸುವ ಕಂಬಕ್ಕೆ) ಇನ್ನೊಂದು ಸ್ಟೇ, ಅಂದರೆ ಅದನ್ನು ಎಳೆದು ಹಿಡಿಯುವ ತಂತಿ, ಕೂಡಿಸಲು ಹೊರಟವರು ಮೊದಲು ಯೋಚಿಸಬೇಕಾದದ್ದು ಈ ಪ್ಲೇಟಿನ ವಿಷಯವನ್ನೇ.

ಕಲಬುರಗಿಯ ನಾವು ಮೂವರು ಗೆಳೆಯರು ಸೇರಿ ಕೊಂಡ 34 ಅಡಿಯ ಹಾಯಿದೋಣಿ ಗೋವಾದಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ನಮ್ಮಂಥವರಿಗೆ ಮುಚ್ಚಿದ ಬಾಗಿಲು. ಆ ನಾಲ್ಕು ತಿಂಗಳು ದೋಣಿ ದಡದ ಮೇಲಿರುತ್ತದೆ, ಕೂವೆಮರವನ್ನು ಇಳಿಸಿ ಮಲಗಿಸಿರುತ್ತೇವೆ. ಸಮುದ್ರದಿಂದ ರಸ್ತೆಯ ದಾರಿಯಲ್ಲಿ ನಾನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವವರಿಗೆ ಇಂಥ ಕೆಲಸಕ್ಕೆ ಇದೇ ಸರಿಯಾದ ಕಾಲ: ಲೆಕ್ಕ, ಅಚ್ಚು, ಲೇತ್ ಕೆಲಸ ಎಲ್ಲವನ್ನೂ ಊರಿನಲ್ಲಿ ಮುಗಿಸಿ, ಅಳವಡಿಸುವುದನ್ನಷ್ಟೇ ದೋಣಿಯ ಬಳಿ ಮಾಡಬಹುದು. ಈ ಮಾರ್ಗದರ್ಶಿಯೂ ಅದೇ ಕ್ರಮದಲ್ಲಿ ಸಾಗುತ್ತದೆ.

ಏಕೆ ಬೇಕು, ಯಾವುದು ಬೇಕು

ಒಂದೇ ಕೂವೆಮರದ ಸಾಮಾನ್ಯ ಸ್ಲೂಪ್ ದೋಣಿಯಲ್ಲಿ ಕೂವೆಮರದ ತುದಿಯಿಂದ ಮೂತಿಯವರೆಗೆ ಒಂದೇ ಮುಂದಿನ ಸ್ಟೇ ಇರುತ್ತದೆ. ಅದರ ಮೇಲೆ ಸುರುಳಿ ಸುತ್ತುವ ಫರ್ಲರ್ ಮತ್ತು ದೊಡ್ಡ ಜೆನೋವಾ ಹಾಯಿ. ಗಾಳಿ ಹೆಚ್ಚಿದಂತೆ ಜೆನೋವಾವನ್ನು ಅರ್ಧ ಸುತ್ತಿ ಚಿಕ್ಕದು ಮಾಡುತ್ತೇವೆ, ಆದರೆ ಹಾಗೆ ಸುತ್ತಿದ ಹಾಯಿ ಚೀಲದಂತೆ ಉಬ್ಬಿ ತನ್ನ ಆಕಾರ ಕಳೆದುಕೊಳ್ಳುತ್ತದೆ. ಉಳಿದ ಬಟ್ಟೆ ಮೂತಿಯ ತುದಿಯಲ್ಲಿಯೇ ನಿಲ್ಲುವುದರಿಂದ ದೋಣಿ ಗಾಳಿಗೆ ಮುಖ ಕೊಟ್ಟು ಏರಲು ಒಪ್ಪುವುದಿಲ್ಲ. ನವೆಂಬರ್‌ನಿಂದ ಮೇವರೆಗೆ ಕೊಂಕಣ ಕರಾವಳಿಯಲ್ಲಿ ಮಧ್ಯಾಹ್ನದ ಗಾಳಿ ಬಹುಪಾಲು ವಾಯವ್ಯದಿಂದ ಬೀಸುತ್ತದೆ. ಗೋವಾದಿಂದ ಉತ್ತರಕ್ಕೆ ಹೋಗಬೇಕಾದವರಿಗೆ ಅದು ನೇರ ಎದುರುಗಾಳಿ. ಮುಂದಿನ ಸ್ಟೇಗೂ ಕೂವೆಮರಕ್ಕೂ ನಡುವೆ ಒಳ ಸ್ಟೇ ಇದ್ದರೆ, ಅದರ ಮೇಲೆ ಚಿಕ್ಕದಾದ, ಚಪ್ಪಟೆ ಹೊಲಿಗೆಯ ಸ್ಟೇಸೈಲ್ ಅಥವಾ ಬಿರುಗಾಳಿಯ ಜಿಬ್ (ಕೂವೆಮರದ ಮುಂದೆ ಏರಿಸುವ ಹಾಯಿ) ಏರಿಸಬಹುದು. ಹಾಯಿಯ ಬಲ ಕೆಳಕ್ಕೆ ಮತ್ತು ಹಿಂದಕ್ಕೆ ಬರುತ್ತದೆ. ದೋಣಿ ಕಡಿಮೆ ವಾಲುತ್ತದೆ, ಚುಕ್ಕಾಣಿ ಹಗುರಾಗುತ್ತದೆ.

ಒಳ ಸ್ಟೇಯಲ್ಲಿ ಎರಡು ಬಗೆ ಮುಖ್ಯ. ಸೊಲೆಂಟ್ ಸ್ಟೇ ಮುಂದಿನ ಸ್ಟೇಯ ಹಿಂದೆಯೇ, ಕೂವೆಮರದ ತುದಿಗೆ ತೀರ ಹತ್ತಿರದಲ್ಲಿ ಸೇರುತ್ತದೆ. ಅದರ ಎಳೆತವನ್ನು ಹಿಂದಿನ ಸ್ಟೇಯೇ ತಡೆಯುವುದರಿಂದ ಹೆಚ್ಚಿನ ಆಧಾರ ಬೇಕಾಗುವುದಿಲ್ಲ. ಆದರೆ ಎರಡು ತಂತಿಗಳ ನಡುವೆ ಜಾಗ ಕಿರಿದು, ಹಾಯಿಯ ಬಲವೂ ಅಷ್ಟಾಗಿ ಹಿಂದಕ್ಕೆ ಬರುವುದಿಲ್ಲ. ಎರಡನೆಯದು ಕಟರ್ ಬಗೆಯ ಸ್ಟೇ: ಕೂವೆಮರದ ಮೂರನೇ ಎರಡು ಭಾಗದಷ್ಟು ಎತ್ತರಕ್ಕೆ ಸೇರುತ್ತದೆ, ಮುಂದಿನ ಸ್ಟೇಗೆ ಸಮಾನಾಂತರವಾಗಿ ಇಳಿಯುತ್ತದೆ. ಹಾಯಿಗೆ ಇದು ಒಳ್ಳೆಯದು, ಆದರೆ ಕೂವೆಮರದ ನಡುವನ್ನು ಮುಂದಕ್ಕೆ ಎಳೆಯುವುದರಿಂದ ಹಿಂದಕ್ಕೆ ಎಳೆದು ಹಿಡಿಯುವ ರನ್ನರ್ ಎಂಬ ಹಗ್ಗಗಳು ಇದಕ್ಕೆ ಕಡ್ಡಾಯ. ರನ್ನರ್ ಹಾಕುವ ಮನಸ್ಸಿಲ್ಲದವರು ಸೊಲೆಂಟ್ ಸ್ಟೇಯನ್ನೇ ಆರಿಸಿಕೊಳ್ಳಬೇಕು. ಕಟರ್ ಸ್ಟೇ ಹಾಕಿ ರನ್ನರ್ ಬಿಡುವುದು ದೋಣಿಯನ್ನು ಮೊದಲಿಗಿಂತ ಅಪಾಯಕ್ಕೆ ಒಡ್ಡಿದಂತೆ. ನಾವು ಕಟರ್ ಬಗೆಯನ್ನೇ ಆರಿಸಿದೆವು. ಮುಂದಿನ ಮಾತೆಲ್ಲ ಅದರ ಬಗ್ಗೆ.

ಲೆಕ್ಕ

ಎರಡು ಅಳತೆಗಳಿಂದ ಆರಂಭಿಸಿ: ಡೆಕ್‌ನಿಂದ (ದೋಣಿಯ ಮೇಲ್ಹಾಸಿನಿಂದ) ಮುಂದಿನ ಸ್ಟೇ ಸೇರುವಲ್ಲಿಯವರೆಗಿನ ಎತ್ತರ, ಕೂವೆಮರದ ಬುಡದಿಂದ ಮುಂದಿನ ಸ್ಟೇಯ ಬುಡದವರೆಗಿನ ದೂರ. ಉದಾಹರಣೆಗೆ ಇವು 12 ಮೀಟರ್ ಮತ್ತು 4 ಮೀಟರ್ ಎಂದಿಟ್ಟುಕೊಳ್ಳೋಣ. ಡೆಕ್‌ನಲ್ಲಿ ಒಳ ಸ್ಟೇಗೆ ಕೂವೆಮರದಿಂದ 2.8 ಮೀಟರ್ ಮುಂದೆ ಜಾಗ ಸಿಕ್ಕರೆ, ಸಮಾನಾಂತರ ರೇಖೆ ಕೂವೆಮರವನ್ನು 8.4 ಮೀಟರ್ ಎತ್ತರದಲ್ಲಿ ಮುಟ್ಟುತ್ತದೆ, ಸ್ಟೇಯ ಉದ್ದ ಸುಮಾರು 8.85 ಮೀಟರ್ ಆಗುತ್ತದೆ. ಆ ಎತ್ತರ ಸ್ಪ್ರೆಡರ್‌ಗಳ (ಕೂವೆಮರದಿಂದ ಎರಡೂ ಪಕ್ಕಕ್ಕೆ ಚಾಚಿದ ಅಡ್ಡಕೋಲುಗಳ) ಬುಡಕ್ಕೆ ಹತ್ತಿರವಾದರೆ ಇನ್ನೂ ಒಳ್ಳೆಯದು, ಏಕೆಂದರೆ ಪಕ್ಕದ ಆಧಾರ ಅಲ್ಲಿ ಮೊದಲೇ ಇರುತ್ತದೆ. ಹಾಗೆ ಹೊಂದಿಸಲು ಬುಡವನ್ನು ಒಂದು ಗೇಣು ಹಿಂದೆ ಮುಂದೆ ಸರಿಸಿದರೆ ನಷ್ಟವಿಲ್ಲ.

ಇನ್ನು ಬಲದ ಲೆಕ್ಕ. ಈ ಸ್ಟೇಯಲ್ಲಿ 1000 ಕಿಲೋ ಎಳೆತವಿದೆ ಎಂದುಕೊಳ್ಳಿ. ಅದರಲ್ಲಿ ಸುಮಾರು 950 ಕಿಲೋ ಡೆಕ್ಕನ್ನು ನೇರ ಮೇಲಕ್ಕೆ ಕೀಳುತ್ತದೆ, ಸುಮಾರು 316 ಕಿಲೋ ಕೂವೆಮರವನ್ನು ಮುಂದಕ್ಕೆ ಎಳೆಯುತ್ತದೆ. ಆ 316 ಕಿಲೋವನ್ನು ರನ್ನರ್ ತಡೆಯಬೇಕು. ರನ್ನರ್‌ನ ಬುಡ ಕೂವೆಮರದಿಂದ 3 ಮೀಟರ್ ಹಿಂದೆ, 1.6 ಮೀಟರ್ ಪಕ್ಕಕ್ಕೆ ಇದ್ದರೆ ಅದರಲ್ಲಿ ಸುಮಾರು 955 ಕಿಲೋ ಎಳೆತ ಬೇಕಾಗುತ್ತದೆ. ಬುಡವನ್ನು 2 ಮೀಟರಿಗೆ ತಂದರೆ ಅದೇ ಕೆಲಸಕ್ಕೆ ಸುಮಾರು 1390 ಕಿಲೋ ಬೇಕು. ಒಂದು ಮೀಟರ್ ಹಿಂದಕ್ಕೆ ಹೋದದ್ದಕ್ಕೆ ಇಷ್ಟು ವ್ಯತ್ಯಾಸ. ರನ್ನರ್‌ನ ಜಾಗವನ್ನು ಅನುಕೂಲ ನೋಡಿ ನಿರ್ಧರಿಸುವ ಮೊದಲು ಈ ಲೆಕ್ಕವನ್ನು ನಿಮ್ಮ ದೋಣಿಯ ಅಳತೆಗಳಿಗೆ ಹಾಕಿ ನೋಡಿ.

ತಂತಿ ಎಂದರೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಹತ್ತೊಂಬತ್ತು ಎಳೆಗಳ ತಂತಿ. 6 ಮಿ.ಮೀ. ತಂತಿ ಸುಮಾರು 3 ಟನ್‌ಗೆ, 7 ಮಿ.ಮೀ. ಸುಮಾರು 4 ಟನ್‌ಗೆ ಹರಿಯುತ್ತದೆ. ನಿಖರ ಅಂಕಿಯನ್ನು ತಯಾರಕರ ಪಟ್ಟಿಯಲ್ಲಿ ನೋಡಿಕೊಳ್ಳಬೇಕು. ಮುಂದಿನ ಸ್ಟೇ 8 ಮಿ.ಮೀ. ಇದ್ದರೆ ಒಳಗಿನದು 7 ಸಾಕು. ಡೈನೀಮಾ ಎಂಬ ಕೃತಕ ನೂಲಿನ ಹಗ್ಗವೂ ಬಳಕೆಯಲ್ಲಿದೆ, ಹಗುರ, ಬೇಡವಾದಾಗ ಸುತ್ತಿಡಲು ಸುಲಭ. ಆದರೆ ಎಳೆತದಲ್ಲಿ ಕಾಲಕ್ರಮೇಣ ಉದ್ದವಾಗುವ ಗುಣ ಅದಕ್ಕಿರುವುದರಿಂದ, ಹರಿಯುವ ಬಲ ನೋಡಿ ಅಲ್ಲ, ಹಿಗ್ಗುವ ಪ್ರಮಾಣ ನೋಡಿ ದಪ್ಪ ಆರಿಸಬೇಕು. ಲೋಹದ ಕೊಂಡಿಗಳಿರುವ ಹಾಯಿಗೆ ತಂತಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ರನ್ನರ್‌ಗಳಿಗೆ ಮಾತ್ರ ಡೈನೀಮಾ ಹಾಕಿದ್ದೇವೆ, ಹಾಯಿಗೆ ಬಡಿದರೂ ಗಾಯವಾಗುವುದಿಲ್ಲ.

ಊರಿನಲ್ಲಿ ಮುಗಿಸಬೇಕಾದ ಕೆಲಸ

ಸ್ಟೇಯ ಬುಡವನ್ನು ಹಿಡಿಯುವ ಡೆಕ್‌ನ ಚೈನ್‌ಪ್ಲೇಟ್, ಅದರ ಎಳೆತವನ್ನು ಕೆಳಕ್ಕೆ ಒಯ್ಯುವ ಒಳಗಿನ ಎಳೆರಾಡು, ಕೂವೆಮರದ ಪಟ್ಟಿ ಇವುಗಳನ್ನು ಕಪನೂರು ಕೈಗಾರಿಕಾ ಪ್ರದೇಶದ ಒಂದು ಲೇತ್ ಅಂಗಡಿಯಲ್ಲಿ ಮಾಡಿಸಿದೆವು. ಮೊದಲು ದಪ್ಪ ರಟ್ಟಿನಲ್ಲಿ, ಆಮೇಲೆ ಪ್ಲೈವುಡ್‌ನಲ್ಲಿ ಅಚ್ಚು ಕತ್ತರಿಸಿ ದೋಣಿಯಲ್ಲಿ ಕೂರಿಸಿ ನೋಡಿ, ಆ ಪ್ಲೈವುಡ್ ಅಚ್ಚನ್ನೇ ಅಂಗಡಿಗೆ ಒಯ್ಯಿರಿ. ಅಂಗಡಿಯ ಹಿರಿಯ ಮಿಸ್ತ್ರಿ ಅಚ್ಚನ್ನು ತಿರುವಿ ನೋಡಿ ಕೇಳಿದರು: “ಸರ, ತ್ರೀ ನಾಟ್ ಫೋರ್ ಪ್ಲೇಟ್ ನಮ್ಮಲ್ಲೇ ಅದ. ಭಾಳ ಗಟ್ಟಿ ಇರ್ತದ. ಅದ್ರಾಗೇ ಮಾಡ್ಲೇನ್ರಿ?” ನಾನು, “ಬ್ಯಾಡ ಕಾಕಾ, ಇದು ಉಪ್ಪುನೀರಿನ್ಯಾಗ ಇರೋದದ, ತ್ರೀ ಸಿಕ್ಸ್‌ಟೀನೇ ಬೇಕ್ರಿ” ಎಂದೆ. 304 ಗಟ್ಟಿ ಎಂಬ ಅವರ ಮಾತು ಸರಿಯೇ, ಗಟ್ಟಿತನದಲ್ಲಿ 304ಕ್ಕೂ 316ಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು 316ರಲ್ಲಿ ಸೇರಿಸಿರುವ ಶೇ. 2ರಿಂದ 3ರಷ್ಟು ಮಾಲಿಬ್ಡಿನಂನಲ್ಲಿ. ಉಪ್ಪುನೀರು ಸಂದಿಗಳಲ್ಲಿ ನಿಂತು ಕೊರೆಯುವುದನ್ನು ಅದು ತಡೆಯುತ್ತದೆ. ಎರಡನ್ನೂ ಅಯಸ್ಕಾಂತ ಹಿಡಿದು ಬೇರ್ಪಡಿಸಲಾಗದು, ಆದ್ದರಿಂದ ಪ್ಲೇಟಿನ ಜೊತೆ ಕಾರ್ಖಾನೆಯ ಪರೀಕ್ಷಾ ಪ್ರಮಾಣಪತ್ರ ಕೇಳಿ ಪಡೆಯಿರಿ. ಬೆಸುಗೆ ಹಾಕುವುದಿದ್ದರೆ 316ಎಲ್ ದರ್ಜೆ ಬೇಕು.

ರಂಧ್ರ ಕೊರೆಯುವಾಗ ಡ್ರಿಲ್ ನಿಧಾನವಾಗಿ ತಿರುಗಬೇಕು, ಒತ್ತಡ ಬಿಡಬಾರದು, ಎಣ್ಣೆ ಬಿಡುವುದನ್ನು ನಿಲ್ಲಿಸಬಾರದು. ಬಿಟ್ ಒಂದೇ ಕಡೆ ಸುಮ್ಮನೆ ಉಜ್ಜುತ್ತ ನಿಂತರೆ ಸ್ಟೇನ್‌ಲೆಸ್ ಸ್ಟೀಲ್ ಅಲ್ಲಿಯೇ ಗಡುಸಾಗಿ ಮುಂದೆ ಕೊರೆಯಲು ಬಿಡುವುದಿಲ್ಲ. ಪಿನ್ನಿನ ರಂಧ್ರದ ಅಂಚಿನಿಂದ ಪ್ಲೇಟಿನ ಅಂಚಿನವರೆಗೆ ಪಿನ್ನಿನ ವ್ಯಾಸದಷ್ಟಾದರೂ ಲೋಹ ಉಳಿದಿರಬೇಕು. ಕೊನೆಗೆ ಎಲ್ಲ ಅಂಚುಗಳನ್ನು ದುಂಡಾಗಿಸಿ ಕನ್ನಡಿಯಂತೆ ಪಾಲಿಶ್ ಮಾಡಿಸಿ. ಒರಟು ಮೈಯಲ್ಲಿ ಉಪ್ಪು ಮನೆ ಮಾಡುತ್ತದೆ.

ತಂತಿಯ ತುದಿಗೆ ಯಂತ್ರದಿಂದ ಒತ್ತಿದ ಟರ್ಮಿನಲ್ (ತುದಿಕೊಂಡಿ) ಬದಲು ಸ್ಟಾ-ಲಾಕ್ ಮಾದರಿಯ, ಕೈಯಿಂದಲೇ ಜೋಡಿಸುವ ಟರ್ಮಿನಲ್ ಆರಿಸಿದೆವು, ಏಕೆಂದರೆ ಸಮುದ್ರದಲ್ಲಿದ್ದಾಗಲೂ ಅದನ್ನು ಬಿಚ್ಚಿ ಹೊಸದಾಗಿ ಕೂರಿಸಬಹುದು. ಮನೆಯ ಅಂಗಳದ ಶಹಾಬಾದ್ ಕಲ್ಲಿನ ಹಾಸಿನ ಮೇಲೆ ತಂತಿಯನ್ನು ಉದ್ದಕ್ಕೆ ಬಿಟ್ಟು ಮೊದಲು ಒಂದು ತುಂಡಿನಲ್ಲಿ ಅಭ್ಯಾಸ ಮಾಡಿ. ಹೊರಗಿನ ಹನ್ನೆರಡು ಎಳೆಗಳನ್ನು ಹೊಸೆತಕ್ಕೆ ಎದುರಾಗಿ ಬಿಡಿಸಿದರೆ ನಡುವೆ ಏಳು ಎಳೆಗಳ ತಿರುಳು ಉಳಿಯುತ್ತದೆ. ಆ ತಿರುಳಿಗೆ ಕೋನ್ ತೊಡಿಸಿ, ತಯಾರಕರು ಹೇಳಿದಷ್ಟು, ಅಂದರೆ ಒಂದೆರಡು ಮಿ.ಮೀ., ತುದಿ ಹೊರಗೆ ಬಿಟ್ಟು, ಹನ್ನೆರಡನ್ನೂ ಅದರ ಸುತ್ತ ಸಮವಾಗಿ ಮತ್ತೆ ಹೊಸೆಯಬೇಕು. ಕೋನ್‌ನ ಸೀಳಿನೊಳಗೆ ಒಂದು ಎಳೆ ಬಿದ್ದರೂ ಮತ್ತೆ ಬಿಚ್ಚಿ. ಬಿಗಿ ಮಾಡಿ, ಬಿಚ್ಚಿ, ಎಳೆಗಳು ಒಂದೇ ಸಮನೆ ಬಾಗಿ ಕುಳಿತಿವೆಯೇ ನೋಡಿ, ಆಮೇಲೆ ಸೀಲಂಟ್ ತುಂಬಿ ಕೊನೆಯ ಸಲ ಬಿಗಿ ಮಾಡಿ. ಮೇಲಿನ ತುದಿಯನ್ನು ಮಾತ್ರ ಊರಿನಲ್ಲಿ ಜೋಡಿಸಿ. ಕೆಳತುದಿಯನ್ನು ಅರ್ಧ ಮೀಟರ್ ಹೆಚ್ಚಿಗೆ ಬಿಟ್ಟುಕೊಂಡು, ಕೂವೆಮರ ನಿಂತ ಮೇಲೆ ದೋಣಿಯಲ್ಲಿಯೇ ಅಳೆದು ಕತ್ತರಿಸಬೇಕು.

ಡೆಕ್ ಮತ್ತು ಒಡಲು

ನಾನು ಮಾಡಿದ ತಪ್ಪು ಈ ಹಂತದ್ದು, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಮೊದಲ ವರ್ಷ ಡೆಕ್ ಮೇಲೆ ಒಂದು ದಪ್ಪ ಕಣ್ಣುಕೊಂಡಿ ಇಟ್ಟು, ಕೆಳಗಿನಿಂದ ಅಂಗೈಗಿಂತ ಅಗಲದ ಸ್ಟೀಲ್ ಪ್ಲೇಟು ಕೊಟ್ಟು, ನಾಲ್ಕು ಬೋಲ್ಟುಗಳಿಂದ ಬಿಗಿದಿದ್ದೆ. ಇಷ್ಟು ಸಾಕೆಂದು ಮನಸ್ಸಿಗೆ ಪೂರ್ತಿ ಒಪ್ಪಿಗೆಯಾಗಿತ್ತು. ಗೋವಾದ ಉತ್ತರಕ್ಕಿರುವ ಮಾಲ್ವಣದ ಕಡೆಗೆ ಹೊರಟ ಮಧ್ಯಾಹ್ನ ಎದುರುಗಾಳಿಯಲ್ಲಿ ಎರಡು ತಾಸು ಸ್ಟೇಸೈಲ್ ಎಳೆದ ಮೇಲೆ, ಮುಂದಿನ ಕೋಣೆಯ ಹಾಸಿಗೆಯ ಮೇಲೆ ನೀರಿನ ಹನಿ ಬೀಳತೊಡಗಿತು. ಡೆಕ್ ಮೇಲೆ ಅಡ್ಡಲಾಗಿ ಸ್ಕೇಲ್ ಇಟ್ಟು ನೋಡಿದರೆ ಕೊಂಡಿಯ ಸುತ್ತಲಿನ ಭಾಗ 4 ಮಿ.ಮೀ.ನಷ್ಟು ಉಬ್ಬಿತ್ತು, ಸೀಲಂಟ್ ಕೂದಲೆಳೆಯಷ್ಟು ಬಿರಿದಿತ್ತು. ಡೆಕ್ ಎಂಬುದು ಎರಡು ತೆಳು ಫೈಬರ್ ಪದರಗಳ ನಡುವೆ ಹಗುರ ತಿರುಳಿರುವ ಹಲಗೆ. ಅದು ಮನುಷ್ಯನ ತೂಕ ಹೊರುತ್ತದೆ, ಟನ್ ಲೆಕ್ಕದಲ್ಲಿ ಮೇಲಕ್ಕೆ ಕೀಳುವ ಬಲವನ್ನಲ್ಲ. ಹೊಲದ ಕಂಬದ ಪ್ಲೇಟನ್ನು ಮೇಲುಮಣ್ಣಿನಲ್ಲಿ ಹೂತ ಕೆಲಸವನ್ನೇ ನಾನು ಮಾಡಿದ್ದೆ.

ಆದ್ದರಿಂದ ಎಳೆತ ಡೆಕ್ಕನ್ನು ದಾಟಿ ದೋಣಿಯ ಒಡಲಿಗೆ, ಅಂದರೆ ನೀರಿನಲ್ಲಿ ನಿಲ್ಲುವ ಗಟ್ಟಿ ಹೊರಮೈಗೆ, ಹೋಗಬೇಕು. ದಾರಿ ಎರಡು. ಒಳ ಸ್ಟೇಯ ಬುಡ ಲಂಗರಿನ ಗೂಡಿನ ಅಡ್ಡಗೋಡೆಯ ಮೇಲೆಯೇ ಬರುವಂತಿದ್ದರೆ, ಚೈನ್‌ಪ್ಲೇಟನ್ನು ಡೆಕ್‌ನಲ್ಲಿ ಸೀಳಿ ಇಳಿಸಿ ಆ ಗೋಡೆಗೆ ಬೋಲ್ಟು ಹಾಕಬಹುದು. ಆದರೆ ಗೋಡೆ ಒಡಲಿಗೆ ಸುತ್ತಲೂ ಫೈಬರ್ ಪಟ್ಟಿಯಿಂದ ಅಂಟಿದೆಯೇ ಎಂದು ಮೊದಲು ತಟ್ಟಿ ನೋಡಬೇಕು. ಗೋಡೆ ಸಿಗದಿದ್ದರೆ, ಡೆಕ್‌ನ ಕೆಳಗಿನಿಂದ ಒಡಲಿನವರೆಗೆ ಎಳೆರಾಡು ಹಾಕಬೇಕು. ರಾಡು ಸ್ಟೇಯ ರೇಖೆಯಲ್ಲಿಯೇ ಮುಂದುವರಿಯಬೇಕು: ಮೇಲಿನ ತಂತಿ ಎಷ್ಟು ಓರೆಯೋ ಕೆಳಗಿನ ರಾಡೂ ಅಷ್ಟೇ ಓರೆ. ನೇರ ಕೆಳಕ್ಕೆ ಇಳಿಸಿದರೆ ಡೆಕ್‌ನ ಜಾಗದಲ್ಲಿ ಎಳೆತ ಮುರಿದು, ಡೆಕ್ಕನ್ನು ಹಿಂದಕ್ಕೆ ದಬ್ಬುತ್ತದೆ. ನಾವು ದಾರವೊಂದನ್ನು ಕೂವೆಮರದಿಂದ ಬಿಗಿದು, ಡೆಕ್‌ನ ಸಣ್ಣ ರಂಧ್ರದಿಂದ ತೂರಿಸಿ ಒಡಲಿನವರೆಗೆ ಎಳೆದು ಆ ಗುರುತನ್ನು ಹಾಕಿಕೊಂಡೆವು.

ರಾಡಿನ ಬುಡಕ್ಕೆ ಒಡಲಿನಲ್ಲಿ ಒಂದು ಮೊಣಕಾಲಿನಂಥ ತುಂಡು ಕೂರಿಸಬೇಕು. ಅಲ್ಲಿಯ ಬಣ್ಣ, ಜೆಲ್‌ಕೋಟ್ ಎಲ್ಲ ಉಜ್ಜಿ ಬರಿಯ ಫೈಬರ್ ಕಾಣುವವರೆಗೆ ತೆಗೆದು, ಮೂಲೆಗಳನ್ನು ಗಟ್ಟಿ ಎಪಾಕ್ಸಿಯಿಂದ ದುಂಡಗೆ ತುಂಬಿ, ಓರೆ ನೇಯ್ಗೆಯ ಫೈಬರ್ ಬಟ್ಟೆಯನ್ನು ಪದರ ಪದರವಾಗಿ, ಪ್ರತಿ ಪದರವೂ ಹಿಂದಿನದಕ್ಕಿಂತ ಎರಡು ಬೆರಳು ಅಗಲವಾಗಿರುವಂತೆ ಅಂಟಿಸಿ. ಮಳೆಗಾಲದ ಗೋವಾದ ತೇವದಲ್ಲಿ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕಟ್ಟುತ್ತದೆ. ಅದನ್ನು ನೀರಿನಿಂದ ಉಜ್ಜಿ ತೊಳೆಯದೆ ಮುಂದಿನ ಪದರ ಹಾಕಿದರೆ ಹಿಡಿಯುವುದಿಲ್ಲ. ನಾವು ಈ ಕೆಲಸವನ್ನು ಅಕ್ಟೋಬರ್‌ಗೆ ಮುಂದೂಡಿದೆವು, ಅದೇ ಒಳ್ಳೆಯದಾಯಿತು. ಊರಿನ ಬೇಸಿಗೆಯಲ್ಲಿ ಅಭ್ಯಾಸ ಮಾಡುವವರಿಗೂ ಒಂದು ಮಾತು: ಬಿಸಿಲಿನ ದಿನ ಬಟ್ಟಲು ತುಂಬ ಕಲಸಿಟ್ಟರೆ ಎಪಾಕ್ಸಿ ಕೆಲವೇ ನಿಮಿಷಗಳಲ್ಲಿ ಕಾದು ಗಟ್ಟಿಯಾಗುತ್ತದೆ, ಸ್ವಲ್ಪ ಸ್ವಲ್ಪವೇ ಕಲಸಿ.

ಡೆಕ್‌ನಲ್ಲಿ ಬೋಲ್ಟಿನ ರಂಧ್ರಗಳನ್ನು ಬೇಕಾದದ್ದಕ್ಕಿಂತ ದೊಡ್ಡದಾಗಿ ಕೊರೆದು, ಸುತ್ತಲಿನ ತಿರುಳನ್ನು ಕೆರೆದು, ಗಟ್ಟಿ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಸರಿಯಾದ ಅಳತೆಗೆ ಮತ್ತೆ ಕೊರೆಯಬೇಕು. ಆಗ ನೀರು ಸೋರಿದರೂ ತಿರುಳಿಗೆ ತಾಗುವುದಿಲ್ಲ, ಬೋಲ್ಟು ಬಿಗಿದರೂ ಡೆಕ್ ಕುಗ್ಗುವುದಿಲ್ಲ. ಸೋರಿಕೆ ತಡೆಯಲು ಬ್ಯುಟೈಲ್ ಟೇಪು ಸಾಕು; ಸಿಲಿಕೋನ್ ಬೇಡ.

ಕೂವೆಮರ ಮತ್ತು ರನ್ನರ್

ಕೂವೆಮರ ಅಲ್ಯುಮಿನಿಯಂ ಕೊಳವೆ. ಅಡ್ಡಲಾಗಿ ಬೋಲ್ಟು ಹಾಕಿ ಬಿಗಿದರೆ ಗೋಡೆಗಳು ಒಳಕ್ಕೆ ಕುಗ್ಗುತ್ತವೆ, ಆದ್ದರಿಂದ ಒಳಗೆ ಬೋಲ್ಟಿನ ಸುತ್ತ ಒಂದು ತಡೆಕೊಳವೆ ಇರಬೇಕು. ಒಳ ಸ್ಟೇಯ ಪಟ್ಟಿ, ರನ್ನರ್‌ಗಳ ಪಟ್ಟಿ, ಹಾಯಿ ಏರಿಸುವ ಹಗ್ಗದ ಗಾಲಿ ಮೂರೂ ಹತ್ತಿರ ಹತ್ತಿರ ಬರುತ್ತವೆ. ರಂಧ್ರಗಳನ್ನು ಒಂದೇ ಸುತ್ತಿನಲ್ಲಿ ಕೊರೆಯದೆ ಮೇಲೆ ಕೆಳಗೆ ಸರಿಸಿ, ಇಲ್ಲವಾದರೆ ಕೂವೆಮರ ಅಲ್ಲಿಯೇ ದುರ್ಬಲವಾಗುತ್ತದೆ. ಸ್ಟೀಲು ಅಲ್ಯುಮಿನಿಯಂಗೆ ತಾಗುವ ಕಡೆಯೆಲ್ಲ ಡ್ಯುರಾಲಾಕ್‌ನಂಥ ಲೇಪ ಹಚ್ಚಬೇಕು. ಬರಿದೇ ಬಿಟ್ಟರೆ ಉಪ್ಪುನೀರು ಸೇರಿ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ.

ರನ್ನರ್ ಎಡಕ್ಕೊಂದು, ಬಲಕ್ಕೊಂದು. ಒಳ ಸ್ಟೇ ಸೇರುವ ಎತ್ತರದಿಂದಲೇ ಹೊರಟು, ದೋಣಿಯ ಹಿಂಭಾಗದ ಅಂಚಿನಲ್ಲಿ ಒಡಲಿಗೆ ಗಟ್ಟಿಯಾಗಿ ಬಿಗಿದ ಕೊಂಡಿಗೆ ಬರಬೇಕು. ಇದರ ಬುಡಕ್ಕೂ ಡೆಕ್‌ನ ನಿಯಮವೇ ಅನ್ವಯಿಸುತ್ತದೆ. ನಾಲ್ಕು ಪಟ್ಟು ಕಪ್ಪಿ ಹಾಕಿದರೂ 955 ಕಿಲೋ ಎಳೆತಕ್ಕೆ ಕೈಗೆ ಸುಮಾರು 240 ಕಿಲೋ ಬರುತ್ತದೆ, ಆದ್ದರಿಂದ ಹಗ್ಗವನ್ನು ವಿಂಚ್‌ಗೆ (ಹಗ್ಗ ಸುತ್ತಿ ಎಳೆಯುವ ಉರುಳೆಗೆ) ಒಯ್ಯಬೇಕು.

ಸ್ಟೇಯ ಎರಡೂ ತುದಿಗಳಲ್ಲಿ ಟಾಗಲ್ ಹಾಕುವುದನ್ನು ಬಿಡಬೇಡಿ. ಹಾಯಿ ತುಂಬಿದಾಗ ತಂತಿ ಪಕ್ಕಕ್ಕೆ ಜೋಲುತ್ತದೆ. ಎಲ್ಲ ದಿಕ್ಕಿಗೂ ಮಣಿಯುವ ಕೊಂಡಿ ಇಲ್ಲದಿದ್ದರೆ ಅಲೆಅಲೆಗೂ ಟರ್ಮಿನಲ್‌ನ ಕುತ್ತಿಗೆ ಬಾಗಿ ದಣಿದು ಮುರಿಯುತ್ತದೆ. ಕೆಳತುದಿಯಲ್ಲಿ ಬೇಗ ಬಿಚ್ಚಬಹುದಾದ ಲಿವರ್ ಇದ್ದರೆ, ಹಗುರ ಗಾಳಿಯಲ್ಲಿ ಸ್ಟೇಯನ್ನು ತೆಗೆದು ಶ್ರೌಡ್‌ನ (ಕೂವೆಮರದ ಪಕ್ಕದ ಆಧಾರ ತಂತಿಯ) ಬಳಿ ಕಟ್ಟಿಡಬಹುದು, ಜೆನೋವಾಕ್ಕೆ ತಿರುಗಲು ದಾರಿ ಸಿಗುತ್ತದೆ.

ಹಾಯಿಯ ಅಳತೆಗೆ ಸಾಗರ ಪಂದ್ಯಗಳ ಸುರಕ್ಷತಾ ನಿಯಮಗಳು ಒಳ್ಳೆಯ ಆಧಾರ. ಬಿರುಗಾಳಿಯ ಜಿಬ್‌ನ ವಿಸ್ತೀರ್ಣ ಮುಂದಿನ ತ್ರಿಕೋನದ (ಕೂವೆಮರ, ಮುಂದಿನ ಸ್ಟೇ, ಡೆಕ್ ಇವುಗಳ ನಡುವಿನ ಜಾಗದ) ಎತ್ತರದ ವರ್ಗದ ಶೇ. 5ನ್ನು, ಜೋರುಗಾಳಿಯ ಜಿಬ್‌ನದು ಶೇ. 13.5ನ್ನು ಮೀರಬಾರದು. 12 ಮೀಟರ್ ಎತ್ತರಕ್ಕೆ ಇವು 7.2 ಮತ್ತು 19.4 ಚದರ ಮೀಟರ್ ಆಗುತ್ತವೆ.

ಬಿಗಿ ಮಾಡುವುದು, ಪರೀಕ್ಷಿಸುವುದು

ಬಿಗಿ ಅಳೆಯಲು ದುಬಾರಿ ಉಪಕರಣ ಬೇಡ. ಹತ್ತೊಂಬತ್ತು ಎಳೆಗಳ ತಂತಿ 2 ಮೀಟರ್ ಉದ್ದದಲ್ಲಿ 1 ಮಿ.ಮೀ. ಹಿಗ್ಗಿದರೆ, ದಪ್ಪ ಎಷ್ಟೇ ಇರಲಿ, ಅದರ ಹರಿಯುವ ಬಲದ ಶೇ. 5ರಷ್ಟು ಎಳೆತ ಬಂದಿದೆ ಎಂದರ್ಥ. 2 ಮೀಟರಿನ ಮಡಚುವ ಅಳತೆಕೋಲಿನ ಮೇಲ್ತುದಿಯನ್ನು ಸಡಿಲ ತಂತಿಗೆ ಟೇಪಿನಿಂದ ಕಟ್ಟಿ, ಕೆಳತುದಿ ನಿಲ್ಲುವಲ್ಲಿ ತಂತಿಯ ಮೇಲೆ ಗುರುತು ಹಾಕಿ. ಮೊದಲು ಎರಡೂ ರನ್ನರ್ ಬಿಗಿದು, ಆಮೇಲೆ ತಂತಿಯನ್ನು ಬಿಗಿಸುವ ಟರ್ನ್‌ಬಕಲ್ ತಿರುಗಿಸಿ. ಕೋಲಿನ ತುದಿಗೂ ಗುರುತಿಗೂ 3 ಮಿ.ಮೀ. ಅಂತರ ಬಂದರೆ ಶೇ. 15, 7 ಮಿ.ಮೀ. ತಂತಿಯಲ್ಲಿ ಅದು ಸುಮಾರು 600 ಕಿಲೋ, ಆರಂಭಕ್ಕೆ ಅಷ್ಟು ಸಾಕು. ಪ್ರತಿ ತಿರುವಿಗೂ ಕೂವೆಮರದ ಹಿಂಬದಿಯ ಉದ್ದನೆಯ ತೋಡಿಗೆ ಕಣ್ಣಿಟ್ಟು ಕೆಳಗಿನಿಂದ ಮೇಲಕ್ಕೆ ನೋಡುತ್ತಿರಿ. ನಡುಭಾಗ ಮುಂದಕ್ಕೆ ಹೊಟ್ಟೆ ಬಿಟ್ಟರೆ ಅಲ್ಲಿಯೇ ನಿಲ್ಲಿಸಿ ರನ್ನರ್ ಬಿಗಿ ಮಾಡಿ. ದಡದಲ್ಲಿ ನಿಂತಿರುವಾಗ ರನ್ನರ್ ಬಿಟ್ಟರೆ ಒಳ ಸ್ಟೇಯನ್ನೂ ಕೈಬಿಗಿಗೆ ಸಡಿಲಿಸಬೇಕು.

ಮೊದಲ ಪರೀಕ್ಷೆಯನ್ನು ನದಿಯ ಬಾಯಿಯಲ್ಲಿ, ಹತ್ತು ಹನ್ನೆರಡು ನಾಟ್ ಗಾಳಿಯಲ್ಲಿ ಮಾಡಿ. ಗಾಳಿಯ ಕಡೆಯ ರನ್ನರ್ ಬಿಗಿ, ಇನ್ನೊಂದು ಸಡಿಲ. ತಿರುಗುವಾಗ ಹೊಸ ಕಡೆಯದನ್ನು ಬಿಗಿದ ಮೇಲೆಯೇ ಹಳೆಯದನ್ನು ಬಿಡಬೇಕು ಎಂಬ ಕ್ರಮವನ್ನು ದೋಣಿಯಲ್ಲಿರುವ ಎಲ್ಲರೂ ಬಾಯಿಬಿಟ್ಟು ಹೇಳಿ ರೂಢಿ ಮಾಡಿಕೊಳ್ಳಬೇಕು. ಒಬ್ಬರು ಮುಂದಿನ ಕೋಣೆಯಲ್ಲಿ ಮಲಗಿ, ಎಳೆರಾಡಿನ ಬುಡದ ಫೈಬರ್ ಪಟ್ಟಿಗಳ ಅಂಚಿಗೆ ಟಾರ್ಚ್ ಹಿಡಿದು ನೋಡಲಿ: ಬಿಳಿ ಗೆರೆ ಮೂಡಿದರೆ ಅಂಟು ಬಿಡುತ್ತಿದೆ ಎಂದರ್ಥ, ತಕ್ಷಣ ಹಾಯಿ ಇಳಿಸಿ. ಡೆಕ್ ಮೇಲೆ ಅದೇ ಸ್ಕೇಲನ್ನು ಅಡ್ಡ ಇಟ್ಟು ನೋಡಿ. ಎರಡನೆಯ ಸಲ ನಮ್ಮ ದೋಣಿಯಲ್ಲಿ ಸ್ಕೇಲಿನ ಕೆಳಗೆ ಕಾಗದದ ಹಾಳೆಯೂ ತೂರಲಿಲ್ಲ.

ಹೊಸ ತಂತಿಯ ಎಳೆಗಳು ಮೊದಲ ಕೆಲವು ದಿನ ಒಂದಕ್ಕೊಂದು ಒತ್ತಿ ಕೂರುವುದರಿಂದ ಬಿಗಿ ಸ್ವಲ್ಪ ಇಳಿಯುತ್ತದೆ. ಮೊದಲ ಪಯಣ ಮುಗಿದ ಮೇಲೆ ಅಳತೆಕೋಲು ಕಟ್ಟಿ ಮತ್ತೊಮ್ಮೆ ಅಳೆದು ಸರಿಪಡಿಸಿ, ಟರ್ನ್‌ಬಕಲ್‌ಗೆ ಹೊಸ ಸ್ಪ್ಲಿಟ್ ಪಿನ್ ಹಾಕಿ, ಅದರ ಕಾಲುಗಳನ್ನು ಸ್ವಲ್ಪವೇ ಅಗಲಿಸಿ, ಹಾಯಿಗೆ ಸಿಕ್ಕದಂತೆ ಮೇಲೆ ಟೇಪು ಸುತ್ತಿಬಿಡಿ.